ವಾಪಸ್ ಬಂದ ರೊಟ್ಟಿ

ಕೊಪ್ಪಳ ಪೇಟೆಯ ನಮ್ಮ ಅಂಗಡಿಯಲ್ಲಿ ಉಪ್ಪು, ಬೆಲ್ಲ, ಹಗ್ಗ, ತೌಡು, ಬೀಸುವ ಕಲ್ಲು ಎಲ್ಲ ಮಾರಿದ್ದೇವೆ. ರೊಟ್ಟಿ ಎಂದೂ ಮಾರಿಲ್ಲ. ಆದರೂ ಒಂದು ವರ್ಷ ನಮ್ಮ ಅಂಗಡಿಗೆ ರೊಟ್ಟಿ ವಾಪಸ್ ಬರತೊಡಗಿದವು.

ಮೊದಲನೆಯದನ್ನು ತಂದವನು ಅಳವಂಡಿಯ ಆದೆಪ್ಪ. ಹದಿನೈದು ದಿನದ ಹಿಂದೆ ನಮ್ಮಲ್ಲಿ ಒಂದು ಬೀಸುವ ಕಲ್ಲು ಕೊಂಡು ಹೋಗಿದ್ದ ರೈತ. ಅವತ್ತು ಸಂತೆಗೆ ಬಂದವನು ಅರಿವೆಯ ಗಂಟು ಬಿಚ್ಚಿ, ಒಂದು ಬಿಳಿಜೋಳದ ರೊಟ್ಟಿಯನ್ನು ನನ್ನ ದುಡ್ಡಿನ ಗಲ್ಲೆಯ ಮೇಲಿಟ್ಟ.

"ಸಾವಕಾರ್ರ, ನಮ್ಮಾಕಿ ಕೊಟ್ಟು ಕಳಿಸ್ಯಾಳ್ರಿ."

"ಭಾಳ ಛಲೋ ಆತು. ಪಲ್ಯ ಎಲ್ಲೈತಿ?"

"ನಿಮಗಲ್ರಿ. ಕಲ್ಲು ಮಾಡಿದಾತಗಂತ. ಆತನ ತಿನ್ನಬೇಕಂತ, ನಾ ಮುಂದ ನಿಂತು ನೋಡಿ ಬರಬೇಕಂತ."

"ಯಾಕ, ಏನಾಗೇತಿ?"

"ಹಿಟ್ಟಿನ್ಯಾಗ ಕಲ್ಲು ಬರಾಕತ್ತಾವ್ರಿ. ಊಟಕ್ಕ ಕುಂತ್ರ ಮನಿತುಂಬ ಕಟಕಟ ಸದ್ದು."

ಇಂಥ ಮಾತಿಗೆ ಏನು ಹೇಳಬೇಕೆಂದು ನಮ್ಮಪ್ಪ ಕಲಿಸಿ ಹೋಗಿದ್ದ. ಪೂರ್ತಿ ಕೇಳಬೇಕು, ತಲೆ ಅಲ್ಲಾಡಿಸಬೇಕು, ಒಂದು ತುಂಡು ಬೆಲ್ಲ ಕೈಗಿಡಬೇಕು, ಏನನ್ನೂ ಒಪ್ಪಬಾರದು. ನಾನು ಹಾಗೆಯೇ ಮಾಡಿದೆ. "ಹೊಸಾ ಕೆರ ನಾಕು ದಿನ ಕಾಲು ಕಚ್ಚೂದಿಲ್ಲೇನು ಆದೆಪ್ಪ? ಕಲ್ಲೂ ಹಂಗ. ತಾನ ಸರಿಹೋಗ್ತೈತಿ" ಅಂದೆ.

"ಕೆರ ಕಾಲು ಕಚ್ಚಿದ್ರ ಬಿಚ್ಚಿ ಕೈಯಾಗ ಹಿಡೀಬಹುದ್ರಿ. ಹಲ್ಲು ಬಿಚ್ಚಿ ಎಲ್ಲಿಡ್ಲಿ?" ಅಂದ ಆದೆಪ್ಪ. ಆದರೆ ಬೆಲ್ಲ ತಿಂದ, ರೊಟ್ಟಿ ಅಲ್ಲಿಯೇ ಬಿಟ್ಟು ಹೋದ.

ಆ ಕಲ್ಲು ಮಾಡಿದವನು ಹುಸೇನಪ್ಪ. ಕೊಪ್ಪಳದ ಗುಡ್ಡದ ಮಗ್ಗುಲಿಗೆ ಕಲ್ಲು ಒಡೆಯುವವರ ಹತ್ತು ಹನ್ನೆರಡು ಮನೆಗಳಿದ್ದವು. ಅದರಲ್ಲಿ ಕೊನೆಯದು ಅವನದು. ಅವನ ಅಪ್ಪ ಸಡಕಿಗೆ ಖಡಿ, ಅಂದರೆ ಜಲ್ಲಿಕಲ್ಲು, ಒಡೆಯುವ ಕೂಲಿ. ಒಂದು ದಿನ ಸಿಡಿದ ಚೂರು ಕಣ್ಣಿಗೆ ಹೊಕ್ಕು, ಆ ಕಣ್ಣು ಹೋಯಿತು. ಇನ್ನೊಂದರಲ್ಲಿ ಆರು ವರ್ಷ ಖಡಿ ಒಡೆದು ಸತ್ತ. ಹೆಂಡತಿ ಸುಂಕಲಮ್ಮ ತನ್ನ ಬೆಳ್ಳಿಯ ಕಡಗ ಮಾರಿ, ಮಗನಿಗೆ ನಾಲ್ಕು ಉಳಿ ಕೊಂಡುಕೊಟ್ಟಳು. "ಸುತ್ತಿಗಿ ಹಿಡಿದವರ್ನ ನೋಡೀನಿ. ನೀ ಉಳಿ ಹಿಡಿ" ಅಂದಳಂತೆ. ಹುಸೇನಪ್ಪ ಉಳಿ ಹಿಡಿದ. ಮದುವೆಯಾಯಿತು, ಮೂರೇ ವರ್ಷಕ್ಕೆ ಹೆಂಡತಿ ಪ್ಲೇಗಿನಲ್ಲಿ ಹೋದಳು. ಆಮೇಲೆ ತಾಯಿ ಮಗ ಇಬ್ಬರೇ.

ಗಿರಣಿ ಬಂದಿರದ ಕಾಲ ಅದು. ಮನೆಮನೆಗೂ ಬೀಸುವ ಕಲ್ಲು ಬೇಕು. ಎರಡು ದುಂಡನೆಯ ಕಲ್ಲು ಒಂದರ ಮೇಲೊಂದು. ಮೇಲಿನದಕ್ಕೆ ಕಾಳು ಹಾಕಲು ನಡುವೆ ಒಂದು ಬಾಯಿ, ತಿರುಗಿಸಲು ಅಂಚಿನಲ್ಲಿ ಒಂದು ಮರದ ಗೂಟ. ಎರಡರ ಒಳಮೈಗೂ ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆದಿರಬೇಕು, ಇಲ್ಲದಿದ್ದರೆ ಕಾಳು ಜಾರುತ್ತದೆಯೇ ಹೊರತು ಹಿಟ್ಟಾಗುವುದಿಲ್ಲ. ಗುಳಿ ಹೊಡೆದ ಹೊಸ ಕಲ್ಲಿನಿಂದ ಬಹಳ ದಿನ ಪುಡಿ ಉದುರುತ್ತದೆ. ಅದಕ್ಕೆ ಮದ್ದೂ ಎಲ್ಲರಿಗೂ ಗೊತ್ತು: ನಾಲ್ಕೈದು ಸೇರು ತೌಡು ಹಾಕಿ ಬೀಸಿದರೆ ಪುಡಿಯೆಲ್ಲ ತೌಡಿನ ಜೊತೆ ಹೊರಬರುತ್ತದೆ.

ಗೊತ್ತಿದ್ದೂ ಯಾರೂ ಹಾಗೆ ಮಾಡುವಂತಿರಲಿಲ್ಲ. ಹೊಸ ಕಲ್ಲು ಮನೆಗೆ ಬಂದರೆ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಅದರ ಬಾಯಿಗೆ ಮೊದಲ ಹಿಡಿ ಒಳ್ಳೆಯ ಜೋಳವನ್ನೇ ಹಾಕಬೇಕು. ಮೊದಲು ತೌಡು ಬಿತ್ತೋ, ಆ ಮನೆಯವರು ಮುಂದೆ ತೌಡನ್ನೇ ಉಣ್ಣಬೇಕಾಗುತ್ತದೆ ಎಂದು ನಮ್ಮ ಕಡೆಯ ಅತ್ತೆಯಂದಿರ ನಂಬಿಕೆ. ಆಮೇಲಾದರೂ ಹಾಕೋಣವೆಂದರೆ, ಎತ್ತಿನ ತೌಡನ್ನು ಕಲ್ಲಿಗೆ ಸುರಿಯಲು ಗಂಡಸರು ಬಿಡುತ್ತಿರಲಿಲ್ಲ. ಹೀಗಾಗಿ ಯಾರದೇ ಕಲ್ಲು ಕೊಂಡರೂ ಮೂರ್ನಾಲ್ಕು ತಿಂಗಳು ಕಲ್ಲು ತಿನ್ನಬೇಕಾದ್ದೇ.

ಹುಸೇನಪ್ಪನ ಕಲ್ಲು ಮಾತ್ರ ಹಾಗಲ್ಲ. ತಂದ ದಿನವೇ ಬೀಸು, ಅವತ್ತೇ ರೊಟ್ಟಿ ಬಡಿ, ಮುದುಕರಿಗೂ ಕೊಡು. ಅದಕ್ಕೇ ಅವನಿಗೆ ಹೆಸರು. ಅವನ ಕಲ್ಲುಗಳು ಕುಷ್ಟಗಿ, ಯಲಬುರ್ಗಾ ಸಂತೆಗಳಿಗೆಲ್ಲ ಬಂಡಿಯಲ್ಲಿ ಹೋಗುತ್ತಿದ್ದವು. "ಅದು ಹೆಂಗೋ ಹುಸೇನಪ್ಪ?" ಎಂದು ಯಾರಾದರೂ ಕೇಳಿದರೆ, "ಕೈ ಗುಣ ಐತ್ರಿ" ಅನ್ನುತ್ತಿದ್ದ. ಹಿಂದೆ ಕೂತ ಸುಂಕಲಮ್ಮ ಎಲೆಅಡಿಕೆ ಕುಟ್ಟುತ್ತಾ ತಲೆ ಎತ್ತುತ್ತಿರಲಿಲ್ಲ. ವಾರಕ್ಕೊಮ್ಮೆ ಅವಳು ನಮ್ಮ ಅಂಗಡಿಗೆ ಬಂದು ಉಪ್ಪು, ಎಲೆಅಡಿಕೆ, ತೌಡು ಒಯ್ಯುವಳು. ಮಾತು ಕಡಿಮೆ. ಚೌಕಾಸಿ ಜಾಸ್ತಿ.

ಸುಂಕಲಮ್ಮ ಸತ್ತಿದ್ದು ಫಸಲಿ ಸಾವಿರದ ಮುನ್ನೂರ ನಲವತ್ತೇಳರಲ್ಲಿ, ಇಂಗ್ಲಿಷಿನವರ ಲೆಕ್ಕದಲ್ಲಿ ಮೂವತ್ತೆಂಟನೆಯ ಇಸವಿ. ಹುಸೇನಪ್ಪ ಹದಿಮೂರು ದಿನ ಉಳಿ ಮುಟ್ಟಲಿಲ್ಲ. ಆಮೇಲೆ ಮೊದಲಿಗಿಂತ ಜೋರಾಗಿ ಕೆಲಸಕ್ಕೆ ಬಿದ್ದ. ಗುಳಿಗಳನ್ನು ಇನ್ನೂ ಆಳಕ್ಕೆ, ಸಾಲು ಹಿಡಿದು, ನೋಡಲು ಚಂದ ಕಾಣುವಂತೆ ಹೊಡೆದ. ಗಿರಾಕಿಗಳು ಖುಷಿಯಾದರು. ಗಿರಾಕಿ ಎಂದರೆ ಗಂಡಸರು. ಬೀಸುವ ಕಲ್ಲು ಕೊಳ್ಳುವವರು ಗಂಡಸರು, ತಿರುಗಿಸುವವರು ಹೆಂಗಸರು. ಗಂಡಸು ಬಂದು ಕಲ್ಲನ್ನು ಎತ್ತಿ ನೋಡುತ್ತಾನೆ, ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾನೆ, ಏನೋ ತಿಳಿದವನಂತೆ ಹುಂ ಅನ್ನುತ್ತಾನೆ. ಆ ಹುಂ ಕೇಳಿಯೇ ನಾನು ಬೆಲೆ ಹೇಳುತ್ತಿದ್ದೆ.

ಆದೆಪ್ಪನ ರೊಟ್ಟಿಯನ್ನು ಅವತ್ತೇ ಹುಸೇನಪ್ಪನ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

"ಈಗಿನ ಹೆಣ್ಮಕ್ಕಳಿಗೆ ಜ್ವಾಳ ಹಸನ ಮಾಡೂದು ಬರೂದಿಲ್ರಿ ಸಾವಕಾರ್ರ. ಕಣದಾಗಿನ ಹರಳು ಹಂಗ ಬೀಸ್ತಾರ. ಆಮ್ಯಾಗ ಕಲ್ಲು ಅಂತಾರ."

ನನಗೂ ಆ ಮಾತು ಅನುಕೂಲವಾಗಿತ್ತು, ಒಪ್ಪಿಕೊಂಡೆ. ರೊಟ್ಟಿ ನಾಯಿ ತಿಂತು.

ಮುಂದಿನ ವಾರ ಕುಷ್ಟಗಿಯಿಂದ ಎರಡು ರೊಟ್ಟಿ ಬಂದವು. ಒಬ್ಬರಿಗೊಬ್ಬರು ಹೇಳಿಕೊಟ್ಟಿದ್ದೋ, ಸಿಟ್ಟು ಬಂದ ಹೆಂಗಸರಿಗೆಲ್ಲ ಒಂದೇ ಉಪಾಯ ಹೊಳೆಯಿತೋ ಗೊತ್ತಿಲ್ಲ. ಅದರ ಮುಂದಿನ ವಾರ ಯಲಬುರ್ಗಾ ಕಡೆಯ ಬಂಡಿಯವನು ನಾಲ್ಕು ರೊಟ್ಟಿ, ಜೊತೆಗೆ ಏಳು ಕಲ್ಲು ವಾಪಸ್ ಇಳಿಸಿದ. "ಇವು ಹೊಳ್ಳಿ ಬಂದಾವ್ರಿ. ಇನ್ನ ಮ್ಯಾಲ ಹುಸೇನಪ್ಪನ ಕಲ್ಲು ಕಳಸಬ್ಯಾಡ್ರಿ ಅಂದಾರ ಅಲ್ಲಿ ಅಂಗಡಿಯವರು" ಅಂದ.

ಅವತ್ತು ಹುಸೇನಪ್ಪನನ್ನು ಕರೆಸಿ ಕೂರಿಸಿ, ಒಂದು ರೊಟ್ಟಿ ಅವನ ಕೈಗೆ ಕೊಟ್ಟೆ. "ತಿನ್ನು. ನಾನೂ ತಿಂತೀನಿ." ನಾನು ಸಣ್ಣ ತುಂಡು ಮುರಿದುಕೊಂಡೆ, ನನ್ನ ಹಲ್ಲು ನನಗೆ ಬೇಕಿತ್ತು. ಅವನು ದೊಡ್ಡ ತುತ್ತೇ ಹಾಕಿಕೊಂಡ. ಎರಡು ಸಲ ಅಗಿದ. ಮೂರನೆಯದಕ್ಕೆ ಬಾಯಿ ನಿಂತಿತು. ನಾಲಿಗೆಯಿಂದ ಏನನ್ನೋ ತುದಿಗೆ ತಂದು, ಅಂಗೈಗೆ ಹಾಕಿ, ಬಿಸಿಲಿಗೆ ಹಿಡಿದು ನೋಡಿದ. ಸಾಸಿವೆ ಕಾಳಿನಷ್ಟು ಚೂರು. ಕೆಂಪು ಛಾಯೆ, ನಡುವೆ ಒಂದು ಕರಿ ಚುಕ್ಕೆ.

"ಇದು ಕಣದ ಹರಳಲ್ರಿ" ಅಂದ. "ನನ್ನ ಕಲ್ಲ."

ಆಮೇಲೆ ಎರಡು ತಿಂಗಳು ಅವನು ಏನೇನು ಮಾಡಿದ ಅಂತೀರಿ! ಕಲ್ಲುಗಳನ್ನು ಬಂಡಿಗೆ ಹಾಕಿ ಹಳ್ಳಕ್ಕೆ ಒಯ್ದು ಉಜ್ಜಿ ತೊಳೆದ. ತೊಳೆದ ಕಲ್ಲಿನಿಂದಲೂ ರೊಟ್ಟಿ ಬಂತು. ಗುಡ್ಡದ ಈ ಮಗ್ಗುಲು ಬಿಟ್ಟು ಆ ಮಗ್ಗುಲಿನ ಕಲ್ಲು ತಂದ. ಆಗಲೂ ಬಂತು. ಗುಳಿ ತೆಳುವಾಗಿ ಹೊಡೆದ. ಆಗ ಕಲ್ಲಿನ ಪುಡಿ ಕಡಿಮೆಯಾಯಿತು, ಹಿಟ್ಟೂ ಕಡಿಮೆಯಾಯಿತು. ಜೋಳ ನುಚ್ಚಾಗಿ ಬೀಳತೊಡಗಿತು. ಆ ಗಿರಾಕಿಗಳು ರೊಟ್ಟಿಯ ಬದಲು ನುಚ್ಚು ಕಟ್ಟಿಕೊಂಡು ಬಂದರು. ಅವನ ಮನೆಯ ಮುಂದೆ ಹುಣಸೆ ಮರದ ಕೆಳಗೆ ನಲವತ್ತು ಕಲ್ಲು ಕೂತವು. ನಾನು ಹೊಸದು ಕೊಳ್ಳುವುದನ್ನು ನಿಲ್ಲಿಸಿದೆ. ನಿಲ್ಲಿಸಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವನು ಬಂದಾಗಲೆಲ್ಲ ಕೈತುಂಬ ಕೆಲಸ ಇರುವವನಂತೆ ಹಗ್ಗ ಅಳೆಯುತ್ತಿದ್ದೆ.

ಆಗ ಬಂದವನು ಮರ್ದಾನಸಾಬ. ಸಡಕಿನ ಮೇಸ್ತ್ರಿ, ಖಡಿ ಒಡೆಯುವವರ ಟೋಳಿ ಕಟ್ಟುವವನು. ಮನುಷ್ಯ ಒಳ್ಳೆಯವನೇ.

"ಹುಸೇನಪ್ಪ, ನಮ್ಮ ಟೋಳಿಗೆ ಬಾರೋ. ಅಮಾಸಿ ಕಳದ ಮ್ಯಾಗ ಕುಷ್ಟಗಿ ಸಡಕಿಗೆ ಹೊಂಟೀವಿ. ದಿನಗೂಲಿ ನಗದಿ. ಮತ್ತ ಖಡಿ ವಿಷಯದಾಗ ಒಂದು ಆರಾಮ ಐತಿ ನೋಡು, ಯಾರೂ ಶಿಕಾಯತ್ ತರೂದಿಲ್ಲ, ತಪ್ಪು ಅನ್ನೂದಿಲ್ಲ. ಬಂಡಿ ಹಾದು ಹೋಗ್ತೈತಿ. ಎತ್ತು ಏನಾರ ಬಾಯಿ ಬಿಟ್ಟು ಹೇಳ್ತಾವೇನು?"

 ಹುಸೇನಪ್ಪನ ಅಪ್ಪನ ಕಣ್ಣು ಹೋದದ್ದೂ ಅದೇ ಸಡಕಿನಲ್ಲಿ. ಅಮಾವಾಸ್ಯೆಗೆ ಹನ್ನೆರಡು ದಿನ ಇತ್ತು.

ಅಷ್ಟರಲ್ಲಿ ಮೆಣಸಿನಕಾಯಿ ಕೊಳ್ಳಲು ನಾನು ಅಳವಂಡಿಗೆ ಬಂಡಿ ಕಟ್ಟಿದ್ದೆ. "ಬಾ, ಮೊದಲನೇ ರೊಟ್ಟಿ ಕಳಿಸಿದಾಕಿನ ಮಾರಿ ನೋಡಿ ಬರೂಣು" ಎಂದು ಅವನನ್ನೂ ಹತ್ತಿಸಿಕೊಂಡೆ.  

ಆದೆಪ್ಪನ ಹೆಂಡತಿ ಪಕ್ಕೀರವ್ವ ಅಂಗಳದಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದಳು. ಮೂವತ್ತು ಮೂವತ್ತೆರಡರ ಪ್ರಾಯ, ಗಟ್ಟಿ ಆಳು. ಆದೆಪ್ಪ ನಮ್ಮನ್ನು ಕಂಡು ಕಂಬಳಿ ಹಾಸಿ, ಯಾರು ಬಂದಿದ್ದಾರೆಂದು ಹೇಳಿದ. ಅವಳು ಹುಸೇನಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನ ಏನಪ್ಪ ಆ ಕಲ್ಲು ಮಾಡಿದಾತ? ನಾ ಯಾವನೋ ದಾಂಡಿಗ ಇರಬೇಕು ಅನಕೊಂಡಿದ್ದೆ. ನನ್ನ ರೊಟ್ಟಿ ತಿಂದ್ಯೋ ಇಲ್ಲೋ?"

ಮೊದಲ ರೊಟ್ಟಿ ನಾಯಿ ತಿಂದಿತ್ತು. ಹುಸೇನಪ್ಪ ಅದನ್ನು ಹೇಳಲಿಲ್ಲ. "ಬ್ಯಾರೇದು ತಿಂದೆನಬೇ" ಅಂದ.

"ಹೆಂಗಿತ್ತು?"

"ಕಲ್ಲಿತ್ತಬೇ."

"ಗಂಡಸರಾಗ ನೀ ಒಬ್ಬಾತ ಒಪ್ಪಿದಿ ನೋಡು. ಇಂವಾ ಹದಿನೈದು ದಿನ ನಂದ ತಪ್ಪು ಅಂದ. ನಿನಗ ಜ್ವಾಳ ಹಸನ ಮಾಡಾಕ ಬರೂದಿಲ್ಲ, ನಿಮ್ಮವ್ವ ನಿನಗೇನೂ ಕಲಿಸಿಲ್ಲ ಅಂದ. ನಮ್ಮವ್ವ ಏನು ಮಾಡಿದ್ಲೋ ಇವಗ?"

ಆದೆಪ್ಪ ಎತ್ತಿನ ಕೊಂಬು ನೋಡುತ್ತಾ ನಿಂತ.

ಪಕ್ಕೀರವ್ವ ಒಳಗೆ ಹೋಗಿ ಎರಡು ರೊಟ್ಟಿ ತಂದಳು. "ಎರಡೂ ಒಂದ ಚೀಲದ ಜ್ವಾಳ. ಇದು ನೀ ಕಳಿಸಿದ ಹೊಸಾ ಕಲ್ಲಿಂದು. ಇದು ನೀ ಮಾಡಿದ್ದ ಹಳೇ ಕಲ್ಲಿಂದು. ಹಳೇದು ಪಾಲು ಆದಾಗ ನಮ್ಮ ನೆಗೆಣ್ಣಿ ಮನಿಗೆ ಹೋತು, ಇವಗ ತೋರಸಾಕಂತ ಅಲ್ಲಿಗೆ ಹೋಗಿ ಬೀಸಕೊಂಡು ಬಂದೀನಿ. ಎರಡೂ ತಿನ್ನು."

ಅವನು ತಿಂದ. ಮೊದಲನೆಯದಕ್ಕೆ ಸದ್ದಾಯಿತು. ಎರಡನೆಯದಕ್ಕೆ ಇಲ್ಲ.

"ಹಳೇ ಕಲ್ಲು ಸವದು ನುಣ್ಣಗಾಗಿರ್ತೈತಲ್ಲಬೇ" ಎಂದು ನಾನು ಬಾಯಿ ಹಾಕಿದೆ.

"ಸಾವಕಾರ್ರ, ಆ ಕಲ್ಲು ಬಂದ ಮೊದಲನೇ ದಿನದ ರೊಟ್ಟಿ ತಿಂದಾಕಿ ನಾ. ಅವತ್ತೂ ಹಿಂಗ ಇತ್ತು." ಅವಳು ಗಂಡನ ಕಡೆ ತಿರುಗಿದಳು. "ನೀ ಎತ್ತಿಗೆ ನೀರು ಕುಡಿಸಿಕೊಂಡು ಬಾ ಹೋಗು."

"ಈಗ ಕುಡಿಸೀನಲ್ಲ."

"ಮತ್ತ ಕುಡಿಸು."

ಆದೆಪ್ಪ ಹೋದ. ಅವಳು ನನ್ನ ಕಡೆ ನೋಡಿದಳು. "ಸಾವಕಾರ್ರೂ ಹೋಗ್ತಾರೇನು?"

"ನನಗ ನೀರಡಿಸಿಲ್ಲಬೇ" ಎಂದು ಕೂತೇ ಇದ್ದೆ. ವ್ಯಾಪಾರದ ಗುಟ್ಟು ಹೊರಬೀಳುವ ಹೊತ್ತಿಗೆ ಎದ್ದು ಹೋಗುವ ವ್ಯಾಪಾರಿಯನ್ನು ನಾನು ಇನ್ನೂ ಕಂಡಿಲ್ಲ.

ಅವಳು ದನಿ ಇಳಿಸಿದಳು. "ನಾ ಮದಿವ್ಯಾಗಿ ಬಂದ ವರ್ಷ ಆ ಹಳೇ ಕಲ್ಲು ಬಂತು. ನಮ್ಮತ್ತಿ ಅರಿಷಿಣ ತರಾಕ ಒಳಗ ಹೋಗಿದ್ಲು. ನಾ ಕಲ್ಲಿನ ಬಾಯಾಗ ಬೆರಳು ಹಾಕಿದೆ. ಒಂದು ಚಿಟಿಕಿ ತೌಡು ಸಿಕ್ತು. ಬೀಸಿದ ತೌಡು, ಹಿಟ್ಟಿನಂಗ. ಎದಿ ಧಸಕ್ ಅಂತು. ಅತ್ತಿ ಕಂಡಿದ್ರ ಕಲ್ಲೂ ವಾಪಸ್, ನಾನೂ ವಾಪಸ್. ಲಗೂನ ಸೆರಗಿಲೆ ಒರಸಿಬಿಟ್ಟೆ. ಆಮ್ಯಾಗ ಒಂದು ಹರಳೂ ಬರಲಿಲ್ಲ. ಅವಾಗ ತಿಳೀತು. ಯಾರೋ ಪುಣ್ಯಾತ್ಗಿತ್ತಿ ನಮಗಿಂತ ಮೊದಲ ತೌಡು ಬೀಸಿ, ಕಲ್ಲಿನ ಪುಡಿ ಎಲ್ಲಾ ತಗದು ಕಳಿಸ್ಯಾಳ. ನನಗ ತಿಳೀಲಿ ಅಂತ ಒಂದು ಚಿಟಿಕಿ ಬಿಟ್ಟಾಳ. ನೆಗೆಣ್ಣಿಗೆ ಮೊನ್ನೆ ಹೇಳಿದೆ. ಅಕಿ ತವರಮನ್ಯಾಗೂ ಹಿಂಗ ಆಗಿತ್ತಂತ! ಅಕಿನೂ ಒರಸಿ ಸುಮ್ಮನಾಗಿದ್ಲಂತ."

ಹುಸೇನಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

"ಈ ಹೊಸಾ ಕಲ್ಲು ಬಂದಾಗೂ ಬೆರಳು ಹಾಕಿದೆ" ಅಂದಳು ಪಕ್ಕೀರವ್ವ. "ಏನೂ ಇರಲಿಲ್ಲ."

"ಹಂಗಾದ್ರ ನೀನ ತೌಡು ಬೀಸಬೇಕಿತ್ತಿಲ್ಲೇನಬೇ?" ಅಂದೆ ನಾನು.

ಒಲೆಯ ಮೇಲೆ ಕೆರ ಇಡು ಎಂದು ಹೇಳಿದೆನೇನೋ ಎಂಬಂತೆ ನನ್ನ ಕಡೆ ನೋಡಿದಳು. "ಹೊಸಾ ಕಲ್ಲಿಗೆ? ನನ್ನ ಕೈಲೆ? ಮೊದಲ ಹಿಡಿ? ನಿಮ್ಮನ್ಯಾಗ ಹಾಕಸ್ರಿ ನೋಡೂಣು. ನಾಕು ದಿನ ಬಿಟ್ಟು ಎರಡು ಸೇರು ಹಾಕಿದೆ. ಅಷ್ಟಕ್ಕ ಹೋಗಲಿಲ್ಲ, ಗುಳಿ ಭಾಳ ಆಳ ಅದಾವು. ಇನ್ನೆರಡು ಹಾಕೂದರಾಗ ಇಂವಾ ಬಂದು, ಎತ್ತಿಗಿಲ್ಲದ ತೌಡು ಕಲ್ಲಿಗೆ ಸುರಿತೀ ಏನು ಅಂತ ಒದರಿದ."

 ಆಮೇಲೆ ಹುಸೇನಪ್ಪ ಬಾಯಿ ಬಿಟ್ಟ.

"ನಮ್ಮವ್ವ ದಿನಾ ಮಧ್ಯಾಹ್ನ ಹಿತ್ತಲದಾಗ ತೌಡು ಬೀಸತಿದ್ಲು."

"ಯಾಕಂತ ಕೇಳಲಿಲ್ಲೇನು?"

"ಎಮ್ಮಿಗೆ ಅಂತ ತಿಳಿದಿದ್ದೆ."

"ಎಷ್ಟು ಎಮ್ಮಿ ಅದಾವಪ್ಪ ನಿಮಗ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ.

"ಒಂದೂ ಇಲ್ಲಬೇ" ಅಂದ. "ಎಂದೂ ಇರಲಿಲ್ಲ."

ನಾನೂ ನಗಲಿಲ್ಲ. ಇಪ್ಪತ್ತು ವರ್ಷ ವಾರವಾರ ಅವಳಿಗೆ ತೌಡು ಅಳೆದುಕೊಟ್ಟವನು ನಾನೇ. ಎಮ್ಮೆ ಇಲ್ಲದವಳಿಗೆ ತೌಡು ಯಾಕೆಂದು ನಾನೂ ಕೇಳಿರಲಿಲ್ಲ. ಮಾರುವವನು ಅಂಥ ಪ್ರಶ್ನೆ ಕೇಳುವುದಿಲ್ಲ.

ಬರುವಾಗ ಬಂಡಿಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಒರಗಿ ಕೂತು ಅವನು ಒಂದೇ ಮಾತು ಆಡಿದ. "ಕೈ ಗುಣ ಅಂತ ನಾ ಅಂದಾಗೆಲ್ಲ ಅಕಿ ಹಿಂದ ಕುಂತಿರತಿದ್ಲು, ಸಾವಕಾರ್ರ."

"ಹುಂ. ಎಲೆಅಡಿಕಿ ಕುಟ್ಟತಿದ್ಲು."

ಮರುದಿನ ಬಂದು ಒಂದು ಚೀಲ ತೌಡು ಒಯ್ದ. ಈ ಸಲ ಯಾಕೆಂದು ನನಗೆ ಗೊತ್ತಿತ್ತು. ಬೆಲೆ ಮಾತ್ರ ಅದೇ ಹೇಳಿದೆ. ಮರ್ದಾನಸಾಬನ ಹತ್ತಿರ ಹೋಗಿ ಇನ್ನೊಂದು ಅಮಾವಾಸ್ಯೆಯವರೆಗೆ ಸಮಯ ಕೇಳಿಕೊಂಡ. ಮೇಸ್ತ್ರಿ, "ಮುಂದಿನ ಅಮಾಸಿಗೆ ಇನ್ನೊಂದು ಟೋಳಿ ಒಯ್ತೀನಿ, ಅದರಾಗ ಜಗಾ ಖಾಲಿ ಇಡ್ತೀನಿ, ಆದ್ರ ಒಂದ ತಿಂಗಳು" ಅಂದ.

ಹುಣಸೆ ಮರದ ಕೆಳಗಿನ ನಲವತ್ತೂ ಕಲ್ಲನ್ನು ಅವನು ಒಂದೊಂದಾಗಿ ಹಿತ್ತಲಿಗೆ ಸಾಗಿಸಿ ಬೀಸಲು ಕೂತ. ಗಂಡಸು ಬೀಸುವುದೆಂದರೆ ನಮ್ಮ ಕಡೆ ಸೀರೆ ಉಟ್ಟಂತೆ. ಪಕ್ಕದ ಮನೆಯ ಗಿಡ್ಡಪ್ಪ ಗೋಡೆಯ ಮೇಲಿಂದ ಇಣುಕಿದ.

"ಹುಸೇನ್ಯಾ, ಬರೇ ಬೀಸ್ತೀಯೋ, ಬೀಸೂ ಪದಾನೂ ಹಾಡ್ತೀಯೋ?"

"ನಿನ್ನ ಹೆಂಡ್ತಿನ್ನ ಕಳಿಸು, ಕಲಕೋತೀನಿ."

"ಅಕಿ ಬಂದ್ರ ಎರಡೂ ಮನಿ ಜ್ವಾಳ ನಿನ್ನ ಕೈಲೆ ಬೀಸಸ್ತಾಳ ನೋಡು, ಹುಷಾರು!"

ಮೂರನೆಯ ದಿನ ಅವನು ಅಂಗೈ ತೋರಿಸಲು ಅಂಗಡಿಗೆ ಬಂದ. ಬೊಬ್ಬೆಗಳು. ಉಳಿ ಹಿಡಿದು ಕಲ್ಲಾದ ಕೈಗೆ ಬೊಬ್ಬೆ! "ಇಪ್ಪತ್ತು ವರ್ಷ ಕಲ್ಲು ಮಾಡೀನ್ರಿ, ಒಂದು ಸೇರು ಕಾಳು ಬೀಸಿ ನೋಡಿಲ್ಲ. ಗೂಟ ಇಡೂ ಜಾಗಾನ ತಪ್ಪು. ಅಂಚಿಗೆ ಇನ್ನೂ ಸಮೀಪ ಇರಬೇಕು, ಇಲ್ಲಂದ್ರ ರಟ್ಟಿ ಹೋಗ್ತೈತಿ. ಬಾಯಿನೂ ಸಣ್ಣದು, ಕಾಳು ಹೊರಗ ಚೆಲ್ತೈತಿ" ಅಂದ. ಯಾರೋ ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವವನಂತೆ ಹೇಳಿದ.

ಅಲ್ಲಿಗೆ ನಿಲ್ಲಲಿಲ್ಲ. ಮಾರಿಹೋದ ಕಲ್ಲುಗಳ ಮಾತು ತೆಗೆದ. ಬದಲಿ ಕಲ್ಲು ಕೊಡುವುದಿಲ್ಲ ಎಂದು ನಾನು ಮೊದಲೇ ಹೇಳಿಬಿಟ್ಟೆ. "ಬದಲಿ ಬ್ಯಾಡ್ರಿ. ನಾನ ಹೋಗಿ ಬೀಸಿ ಕೊಟ್ಟು ಬರ್ತೀನಿ" ಅಂದ. ಆ ಕಲ್ಲುಗಳಿಗೆ ಮೊದಲ ಹಿಡಿ ಜೋಳ ಆಗಲೇ ಬಿದ್ದಿತ್ತು; ಈಗ ತೌಡು ಹಾಕಿದರೆ ಯಾವ ಅತ್ತೆಯೂ ಬೇಡ ಅನ್ನುವಂತಿರಲಿಲ್ಲ. ಹೆಗಲ ಮೇಲೆ ತೌಡಿನ ಚೀಲ ಹೊತ್ತು ಅಳವಂಡಿ, ಕುಷ್ಟಗಿ, ಯಲಬುರ್ಗಾ ಎಲ್ಲ ತಿರುಗಿದ. ಕಟ್ಟೆಯ ಮೇಲೆ ಗಂಡಸೊಬ್ಬ ಬೀಸುತ್ತಾ ಕೂತರೆ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರಂತೆ. ಮೊದಲು ನಗು. ಆಮೇಲೆ ಒಬ್ಬಳು, "ಮ್ಯಾಲಿನ ಕಲ್ಲು ಭಾಳ ಒಜ್ಜಿ ಐತಿ, ತಿರುವಿ ಕೈ ಸೋಲ್ತೈತಿ" ಅನ್ನುವಳು. ಇನ್ನೊಬ್ಬಳು, "ಕೆಳಗಿಂದು ಕುಂತಲ್ಲೆ ಅಲಗಾಡ್ತೈತಿ" ಅನ್ನುವಳು. ಓದು ಬರಹ ಬಾರದ ಹುಸೇನಪ್ಪ ಒಂದೊಂದು ಮಾತಿಗೂ ಒಂದೊಂದು ಹರಳು ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡು ಬಂದ. ನನ್ನ ಗಲ್ಲೆಯ ಮೇಲೆ ಸುರಿದು, ಇದು ಯಾರ ಮಾತು, ಇದು ಯಾರ ಮಾತು ಎಂದು ಹೇಳಿದ. ಹದಿನಾರು ಹರಳು.

ಅಮಾವಾಸ್ಯೆಗೆ ಮೂರು ವಾರ ಇರುವಾಗ ಹನ್ನೆರಡು ಕಲ್ಲು ತಂದು ನಮ್ಮ ಅಂಗಡಿಯ ಮುಂದಿಟ್ಟ. ಒಂದೊಂದಕ್ಕೂ ಐದು ಸೇರು ತೌಡು ಬೀಸಿದ್ದ. ಮೂರು ಸಂತೆ ನೋಡೋಣ ಎಂದು ನಾನೇ ಮಾತು ಕೊಟ್ಟೆ.

ಮೊದಲ ಸಂತೆಗೆ ಒಂದೂ ಹೋಗಲಿಲ್ಲ. ವಿಚಿತ್ರವೆಂದರೆ ಆ ದಿನ ಕಲ್ಲು ನೋಡಲು ಹೆಂಗಸರು ಬಂದಿದ್ದರು, ಗಂಡಂದಿರನ್ನು ಹಿಂದೆ ಕಟ್ಟಿಕೊಂಡು. ಬಗ್ಗಿ ನೋಡುವರು, ಬಾಯೊಳಗೆ ಬೆರಳಿಡುವರು, ಎದ್ದು ಹೋಗುವರು. ಎರಡನೆಯ ಸಂತೆಯೂ ಹಾಗೆಯೇ. ಮೂರನೆಯ ಸಂತೆಯ ಬೆಳಿಗ್ಗೆ ಹುಸೇನಪ್ಪ ಬಂದ. ಕೈಯಲ್ಲಿ ಅರಿವೆಯ ಗಂಟು. ಬಿಚ್ಚಿದರೆ ನಾಲ್ಕು ಉಳಿ, ಕಡಗ ಮಾರಿ ತಾಯಿ ಕೊಡಿಸಿದ್ದವು, ಸವೆದು ಅರ್ಧಕ್ಕೆ ಬಂದವು.

"ಇವನ್ನ ನಿಮ್ಮ ಅಂಗಡ್ಯಾಗ ಇಟಗೋರಿ. ಮರ್ದಾನಸಾಬಗ ಹೂಂ ಅಂದೀನಿ. ನಾಳೆ ಹೊಂಡೂದು."

ನಾನು ಗಂಟು ಇಸಿದುಕೊಂಡೆ.  ಅವನು ಹೋಗುತ್ತಾ ಹೋಗುತ್ತಾ, ಅಭ್ಯಾಸಬಲದಿಂದ, ಒಂದು ಕಲ್ಲಿನ ಬಾಯಿಗೆ ಬೆರಳು ಹಾಕಿದ. ನಿಂತ. ಎರಡನೆಯದಕ್ಕೆ ಹಾಕಿದ. ಮೂರನೆಯದಕ್ಕೆ.

"ಸಾವಕಾರ್ರ, ಬಾಯಿ ಯಾರು ಒರಸಿದ್ರು?"

"ನಾನ ಒರಸೀನಿ. ಒಳಗ ಹೊಲಸ ಇತ್ತು. ಗಿರಾಕಿ ಮುಂದ ಸ್ವಚ್ಛ ಇರಬೇಕಲ್ಲ?"

ಹೇಳಿ ಮುಗಿಸುವಷ್ಟರಲ್ಲಿ ನನಗೇ ತಿಳಿಯಿತು. ಅಳವಂಡಿಯಲ್ಲಿ ನೀರಡಿಸಿಲ್ಲ ಎಂದು ಕೂತು ಪೂರ್ತಿ ಕತೆ ಕೇಳಿದವನು ನಾನು. ಕೇಳಿಯೂ, ಹನ್ನೆರಡು ಕಲ್ಲಿನ ಬಾಯನ್ನು ನನ್ನ ಕೈಯಾರೆ ಒರೆಸಿದ್ದೆ.

ಅವನು ಬೈಯಲಿಲ್ಲ. "ಅದು ಹೆಣ್ಮಕ್ಕಳಿಗೆ ಬರದ ಚೀಟಿ ಇತ್ರಿ" ಅಂದ ಅಷ್ಟೇ. ಓಡಿಹೋಗಿ, ಹಿತ್ತಲಲ್ಲಿ ಉಳಿದಿದ್ದ ಬೀಸಿದ ತೌಡನ್ನು ವಸ್ತ್ರಗಾಳಿತ ಮಾಡಿ ತಂದು, ಒಂದೊಂದು ಬಾಯಿಗೂ ಒಂದೊಂದು ಚಿಟಿಕೆ ಇಟ್ಟ.

ಬಿಸಿಲೇರುವ ಹೊತ್ತಿಗೆ ಪಕ್ಕೀರವ್ವ ಬಂದಳು. ಜೊತೆಗೆ ಹೊಸದಾಗಿ ಮನೆ ಹೂಡುವ ಅವಳ ತಂಗಿ ಹುಲಗೆಮ್ಮ, ಹಿಂದೆ ಆದೆಪ್ಪ. ಹುಸೇನಪ್ಪ ಅಂಗಡಿಯೊಳಗೆ ಹಗ್ಗದ ರಾಶಿಯ ಹಿಂದೆ ನಿಂತ. ಪಕ್ಕೀರವ್ವ ಸಾಲಿನ ಉದ್ದಕ್ಕೂ ನಡೆದಳು. ಒಂದು ಕಲ್ಲಿನ ಬಾಯಿಗೆ ಬೆರಳು ಹಾಕಿದಳು, ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು, ಮುಂದಿನ ಹಲ್ಲಿನಲ್ಲಿ ಕಡಿದು ನೋಡಿದಳು. ತಂಗಿಯ ಕಡೆ ನೋಡಿ ಕಣ್ಣು ಹೊಡೆದಳು. ಸೆರಗಿನಿಂದ ಬಾಯಿ ಒರೆಸಿದಳು, ಕಲ್ಲಿನದು.

"ಇದು" ಅಂದಳು.

"ತಡಿ, ನಾಕು ಬಡದು ನೋಡ್ತೀನಿ" ಎಂದು ಆದೆಪ್ಪ ಮುಂದೆ ಬಂದ.

"ಬಡದು ನೋಡಾಕ ಅದೇನು ಕೊಡ ಏನು? ಎತ್ತು ಸುಮ್ಮನ."

ಆದೆಪ್ಪ ಎತ್ತಿದ. ಸಂಜೆಯೊಳಗೆ ಇನ್ನೂ ಎಂಟು ಹೋದವು. ಎಂಟು ಸಲವೂ ಅದೇ ಬೆರಳು, ಅದೇ ನಾಲಿಗೆ, ಅದೇ ಸೆರಗು. ಗಂಡಸರು ಬೆಲೆ ಮಾತಾಡಿ, ತಾವೇ ಆರಿಸಿದೆವು ಎಂದುಕೊಂಡು ಹೋದರು. ಮುಂದಿನ ವರ್ಷ ಬೇರೆಯವರ ಕಲ್ಲಿನ ಬಾಯಿಗೂ ನಾನೊಂದು ಚಿಟಿಕೆ ತೌಡು ಇಟ್ಟು ನೋಡಿದ್ದುಂಟು. ಮೊದಲ ಹೆಂಗಸೇ ನಾಲಿಗೆಗೆ ಹಚ್ಚಿ ನನ್ನ ಕಾಲ ಹತ್ತಿರ ಉಗುಳಿದಳು. ಬೀಸದ ತೌಡಿಗೂ ಬೀಸಿದ ತೌಡಿಗೂ ವ್ಯತ್ಯಾಸ ಇದೆಯಂತೆ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಮರ್ದಾನಸಾಬ ಟೋಳಿಯನ್ನು ಸಡಕಿನ ಮೇಲೆ ನಿಲ್ಲಿಸಿ ನಮ್ಮ ಅಂಗಡಿಗೆ ಬಂದ. ಹುಸೇನಪ್ಪ ಆಗಲೇ ಬಂದು ಕೂತಿದ್ದ.

"ನಡೀಯಪ್ಪ. ನಗದಿ ಕೂಲಿ, ಶಿಕಾಯತ್ ಇಲ್ಲ."

"ಅದಕ್ಕ ಒಲ್ಲೆ ಸಾಬ" ಅಂದ ಹುಸೇನಪ್ಪ. "ಮಾತು ಕೊಟ್ಟು ತಪ್ಪಿದೆ, ಬೈಯ್ಯಿ."

ಮೇಸ್ತ್ರಿ ಬೈಯಲಿಲ್ಲ. ನನ್ನ ಕಡೆ ನೋಡಿ, ಇವನ ತಲೆ ಕೆಟ್ಟಿದೆಯೇ ಎಂದು ಕಣ್ಣಲ್ಲೇ ಕೇಳಿದ. ನಾನು ಹೆಗಲು ಕುಣಿಸಿದೆ. ಅವನು ಹೋದ ಮೇಲೆ ಉಳಿಗಳ ಗಂಟನ್ನು ತೆಗೆದುಕೊಟ್ಟೆ. ಹುಸೇನಪ್ಪ ಬಿಚ್ಚಿ ಎಣಿಸಿದ. ನನ್ನ ಮೇಲೆ ಅಷ್ಟು ನಂಬಿಕೆ. ನಾಲ್ಕೂ ಇದ್ದವು.

"ನಿನ್ನೆ ಹೊಂಡೂ ಮುಂದ ಪಕ್ಕೀರವ್ವ ಏನೋ ಅಂದ್ಲಲ್ರಿ?"

"ಗೂಟ ಸಡ್ಲ ಐತಿ ಅಂದ್ಲು. ಅದಕ್ಕೇನು ತಲಿ ಕೆಡಿಸಿಕೋತಿ, ಮಾರಿ ಆತಲ್ಲ."

ಅವನು ಅಂಗಳದಲ್ಲಿ ಬಗ್ಗಿ ಒಂದು ಹರಳು ಎತ್ತಿ ಕಿಸೆಗೆ ಹಾಕಿಕೊಂಡ.

"ಹಿಡಿಯೂ ಕಡೆ ಸಡ್ಲ ಅಂದ್ಲೋ, ಕಲ್ಲಿನ್ಯಾಗ ಕೂಡ್ರೂ ಕಡೆ ಅಂದ್ಲೋ? ನೆಪ್ಪು ಮಾಡಕೊಂಡು ಹೇಳ್ರಿ."